ಬೆನ್ನ ಹಿಂದೆ ಹತ್ತು ಬೆರಳು

ಅವರು ತೀರಿಕೊಂಡ ಮೂರನೆಯ ದಿನ ನಮ್ಮ ಶಾಲೆಯ ಗೇಟಿಗೆ ಅವರ ಫ್ಲೆಕ್ಸ್ ಬಂತು. 'ನಮ್ಮ ಸಂಸ್ಥೆಯ ಹೆಮ್ಮೆ, ಆದರ್ಶ ಗಣಿತ ಶಿಕ್ಷಕಿ' ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಕೆಳಗೆ ಅವರ ಫೋಟೋಗಿಂತ ದೊಡ್ಡದಾಗಿ, ಕೈಮುಗಿದು ನಿಂತ ನಮ್ಮ ಸೆಕ್ರೆಟರಿಯ ಫೋಟೋ. ಮೇಡಂ ಒಬ್ಬರೇ ಇರುವ ಚಿತ್ರ ಶಾಲೆಯ ಹತ್ತಿರ ಒಂದೂ ಇರಲಿಲ್ಲವಂತೆ, ಯಾವುದೋ ವರ್ಷದ ಗ್ರೂಪ್ ಫೋಟೋದಿಂದ ಕತ್ತರಿಸಿ ಹಾಕಿದ್ದರು. ಪಕ್ಕದಲ್ಲಿ ನಿಂತಿದ್ದ ನನ್ನ ಭುಜ ಮತ್ತು ಹಸಿರು ಸೀರೆಯ ಸೆರಗಿನ ತುದಿ ಹಾಗೇ ಉಳಿದುಬಿಟ್ಟಿತ್ತು. ಬೆಳಿಗ್ಗೆ ಗೇಟಿನಲ್ಲಿ ಅದನ್ನು ನೋಡಿ ನನಗೆ ಅಳು ಬರಬೇಕಿತ್ತು. ಬರಲಿಲ್ಲ, ಮೈ ಉರಿಯಿತು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಫ್ಲೆಕ್ಸಿನಲ್ಲಿ ಬರೆದದ್ದೇ ಸಾಕು. ಇದ್ದಿದ್ದರೆ ಅವರೂ "ನನ್ನ ಹೆಸರು ಕಟ್ಕೊಂಡು ಏನ್ಮಾಡ್ತೀಯಮ್ಮ, ನಡೆದಿದ್ದು ಬರಿ" ಎಂದೇ ಗದರುತ್ತಿದ್ದರು.

ಮಾಗಡಿ ರಸ್ತೆಯಿಂದ ಒಳಕ್ಕೆ, ಸುಂಕದಕಟ್ಟೆಯ ಕಡೆ ಹೋಗುವ ಒಂದು ಅಡ್ಡರಸ್ತೆಯಲ್ಲಿ ನಮ್ಮ ಶಾಲೆ. ನಾನು ಅಲ್ಲಿಗೆ ಸಮಾಜ ವಿಜ್ಞಾನದ ಟೀಚರಾಗಿ ಸೇರಿದಾಗ ಅವರು ಗಣಿತ ಕಲಿಸಲು ಶುರುಮಾಡಿ ಹತ್ತಾರು ವರ್ಷ ಆಗಿತ್ತು. ಕುಳ್ಳಗಿನ ಆಳು. ಗಂಜಿ ಹಾಕದ ಹತ್ತಿ ಸೀರೆ, ಗಡಿಯಾರದ ಮುಖ ಮಣಿಕಟ್ಟಿನ ಒಳಬದಿಗೆ. ಬ್ಯಾಗಿನಲ್ಲಿ ಊಟದ ಡಬ್ಬಿಯ ಪಕ್ಕ ಇನ್ನೊಂದು ಡಬ್ಬಿ, ಅದರ ತುಂಬ ಬೇರೆಯವರು ಬಿಸಾಕಿದ ಸೀಮೆಸುಣ್ಣದ ಚೂರುಗಳು. ವಿಜಯನಗರದಿಂದ ಎರಡು ಬಸ್ಸು ಹಿಡಿದು ಬರುತ್ತಿದ್ದರು, ಒಂದು ದಿನವೂ ತಡವಾಗಿದ್ದು ನಾನು ಕಾಣೆ. ದೇವತೆ ಎಂದು ಮಾತ್ರ ಯಾರೂ ತಿಳಿಯಬೇಡಿ. ಸ್ಟಾಫ್ ರೂಮಿನ ಫ್ಯಾನಿನ ವಿಷಯಕ್ಕೆ ವರ್ಷಗಟ್ಟಲೆ ಜಗಳ ಆಡಿದ್ದಾರೆ. ಹೊಗಳಿಕೆಯಲ್ಲಿ ಕಡು ಜಿಪುಣೆ. ನಾನು ಮಕ್ಕಳಿಗೆ ನೋಟ್ಸ್ ಬರೆಸಿ ಬಂದು ಕೂತರೆ ಸಾಕು, "ಏನಮ್ಮಾ, ಇವತ್ತೂ ಡಿಕ್ಟೇಷನ್ನಾ? ಮಕ್ಕಳ ಕೈ ಬಿದ್ದೋಯ್ತಾ, ಇನ್ನೂ ಇದ್ಯಾ?" ಎಂದು ಎಲ್ಲರ ಮುಂದೆ ಕೇಳುವರು. ಮೊದಮೊದಲು ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ನನ್ನ ಕಣ್ಣು ತೆರೆದದ್ದು ಒಂದು ಮಧ್ಯಾಹ್ನ. ನನಗೆ ಬಿಡುವಿದ್ದ ಪೀರಿಯಡ್ಡಿನಲ್ಲಿ ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಪೇಪರ್ ತಿದ್ದುತ್ತ ಕೂತಿದ್ದೆ. ಅವರು ಒಂದು ಪ್ರಶ್ನೆ ಕೇಳಿದರು. ಕೇಳಿದವರು ಸುಮ್ಮನೆ ನಿಂತುಬಿಟ್ಟರು. ಮುಂದಿನ ಬೆಂಚಿನ ಬುದ್ಧಿವಂತರು "ಮಿಸ್, ಮಿಸ್" ಎಂದು ಕೈ ಎತ್ತಿದರೆ ಅತ್ತ ತಿರುಗಿಯೂ ನೋಡಲಿಲ್ಲ. ಇವರಿಗೇ ಉತ್ತರ ಮರೆತುಹೋಯಿತೇನೋ ಎಂದು ನನಗೆ ಒಳಗೊಳಗೇ ಖುಷಿ. ಆಮೇಲೆ ಅವರು ಬೋರ್ಡಿನ ಕಡೆ ತಿರುಗಿದಾಗ ಕಂಡಿತು. ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು ಒಂದೊಂದೇ ಬೆರಳು ನಿಧಾನವಾಗಿ ಮಡಿಸುತ್ತಿದ್ದರು. ಏಳನೆಯದೋ ಎಂಟನೆಯದೋ ಬೆರಳಿಗೆ, ಎಂದೂ ಬಾಯಿ ಬಿಡದ ಒಬ್ಬಳು ಹುಡುಗಿ ಕಿಟಕಿಯ ಪಕ್ಕದಿಂದ ಉತ್ತರ ಹೇಳಿದಳು.

ಆ ದಿನ ಬಸ್ ಸ್ಟಾಪಿನಲ್ಲಿ ಕೇಳಿದೆ, ಏನು ಮೇಡಂ ಅದು ಬೆರಳಿನ ಮಂತ್ರ ಎಂದು.

"ಮಂತ್ರ ಎಂಥದು! ಹತ್ತು ಎಣಿಸ್ತೀನಿ ಅಷ್ಟೆ. ಎಣಿಸ್ದೇ ಇದ್ರೆ ನಾನೇ ಬಾಯ್ಬಿಟ್ಬಿಡ್ತೀನಿ. ನಾವು ಕೇಳ್ತೀವಿ, ನಾವೇ ಹೇಳ್ತೀವಿ, ಆಮೇಲೆ ಅರ್ಥ ಆಯ್ತಾ ಅಂತೀವಿ, ಅವು ಆಯ್ತು ಮಿಸ್ ಅಂತಾವೆ. ನಾಟಕ ಕಣೇ ಅದು. ಮಗು ಸುಮ್ನಿದ್ರೆ ಬರಲ್ಲ ಅಂತಲ್ಲ. ಹುಡುಕ್ತಾ ಇರತ್ತೆ. ನಮ್ಗೇ ಕಾಯೋಕೆ ಆಗಲ್ಲ."

ಮರುದಿನ ನಾನೂ ಪ್ರಯತ್ನಿಸಿದೆ. ಪ್ರಶ್ನೆ ಕೇಳಿ, ಬೆನ್ನ ಹಿಂದೆ ಕೈ ಕಟ್ಟಿ ನಿಂತೆ. ನಾಲ್ಕನೆಯ ಬೆರಳಿಗೇ ಬೆವೆತೆ. ನಲವತ್ತು ಮಕ್ಕಳ ಮುಂದೆ ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟ ಎಂಬುದು ನಿಂತವರಿಗೇ ಗೊತ್ತು. ಹತ್ತರವರೆಗೆ ಹೋಗಲು ನನಗೆ ಒಂದು ವರ್ಷ ಹಿಡಿಯಿತು.

ಅವರ ಬೋರ್ಡಿನ ಎಡತುದಿಯಲ್ಲಿ ಒಂದು ಗೆರೆ ಎಳೆದಿರುತ್ತಿದ್ದರು. ಅದು ತಪ್ಪಿಗೆ ಮೀಸಲಾದ ಜಾಗ, ಯಾರೂ ಅಳಿಸುವಂತಿಲ್ಲ. ದಿನಕ್ಕೊಂದು 'ಒಳ್ಳೆ ತಪ್ಪು' ಅಲ್ಲಿ ಏರುತ್ತಿತ್ತು. ಒಂದು ಸಲ ಅರ್ಧ ಮತ್ತು ಮೂರನೇ ಒಂದು ಭಾಗ ಕೂಡಿದರೆ ಐದನೇ ಎರಡು ಭಾಗ ಎಂದು ಯಾರೋ ಬರೆದಿದ್ದರು, ಮೇಲಿನದನ್ನು ಮೇಲೆ ಕೂಡಿ ಕೆಳಗಿನದನ್ನು ಕೆಳಗೆ ಕೂಡಿ. ನಾನಾಗಿದ್ದರೆ ಕೆಂಪು ಪೆನ್ನಿನಲ್ಲಿ ಒಂದು ಗೀಟು ಹಾಕಿ ಮುಗಿಸುತ್ತಿದ್ದೆ. ಅವರು ಅದನ್ನು ಎಡತುದಿಯಲ್ಲಿ ಬರೆದು, "ನೋಡ್ರೋ, ಬೆಳಿಗ್ಗೆ ಅರ್ಧ ದೋಸೆ ತಿಂದೆ. ಇನ್ನೂ ಹಸಿವು ಅಂತ ಮೂರನೇ ಒಂದು ಭಾಗ ತಿಂದೆ. ಈ ಲೆಕ್ಕದ ಪ್ರಕಾರ ನಾನು ತಿಂದಿದ್ದು ಈಗ ಅರ್ಧಕ್ಕಿಂತ ಕಮ್ಮಿ ಆಗೋಯ್ತು. ದೋಸೆ ಎಲ್ಲಿಗೆ ಹೋಯ್ತು?" ಎಂದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಆ ತಪ್ಪು ಮಾಡಿದ ಮಗುವೂ ನಕ್ಕಿತು, ಏಕೆಂದರೆ ಎಲ್ಲರೂ ನಗುತ್ತಿದ್ದುದು ದೋಸೆಗೆ. ಆಮೇಲೆ ಆ ಮಗುವೇ ಎದ್ದು ಹೋಗಿ ದೋಸೆಯನ್ನು ಆರು ಪಾಲು ಮಾಡಿತು.

ಶಾಲೆ ಕಟ್ಟಿದ ಹಿರಿಯ ಯಜಮಾನರು ಬದುಕಿರುವವರೆಗೆ ಇದಕ್ಕೆಲ್ಲ ಯಾರ ಅಡ್ಡಿಯೂ ಇರಲಿಲ್ಲ. ಅವರು ಹಳೆಯ ಹಳ್ಳಿಯ ರೈತರು. ಊರು ಬಡಾವಣೆ ಆದಾಗ ತಮ್ಮ ರಾಗಿ ಹೊಲದ ಒಂದು ಮೂಲೆಯನ್ನು ಶಾಲೆಗೆಂದು ಬಿಟ್ಟವರು. ಅವರ ನಂತರ ಮಗ ಸೆಕ್ರೆಟರಿ ಆದರು. ಸೈಟು, ಕಾಂಪ್ಲೆಕ್ಸು, ಜೊತೆಗೆ ಶಾಲೆ. ಬಂದ ವರ್ಷವೇ ಪ್ರತಿ ತರಗತಿಗೂ ಕ್ಯಾಮೆರಾ ಹಾಕಿಸಿದರು, ಮಕ್ಕಳ ಸುರಕ್ಷತೆಗೆ ಎಂದರು. ಎರಡು ತಿಂಗಳಿಗೆ ಮೇಡಂಗೆ ಮೆಮೋ ಬಂತು.

ಆ ಮೆಮೋ ನಾನು ಕಣ್ಣಾರೆ ಓದಿದ್ದೇನೆ. 'ತರಗತಿಯ ಅವಧಿಯಲ್ಲಿ ತಾವು ಪದೇ ಪದೇ ಬೋಧನೆ ನಿಲ್ಲಿಸಿ, ಕೈ ಕಟ್ಟಿಕೊಂಡು ಸುಮ್ಮನೆ ನಿಂತಿರುವುದು ಕಂಡುಬಂದಿರುತ್ತದೆ. ಬೋರ್ಡಿನ ಮೇಲೆ ತಪ್ಪು ಲೆಕ್ಕಗಳನ್ನು ಬರೆದಿರುವುದೂ ಕಂಡುಬಂದಿರುತ್ತದೆ. ಸಮಜಾಯಿಷಿ ನೀಡತಕ್ಕದ್ದು.' ಆಫೀಸಿನ ಟೀವಿಯಲ್ಲಿ ದನಿಯಿಲ್ಲದ ಚಿತ್ರ ನೋಡಿ ಬರೆದ ಮೆಮೋ ಅದು. ತುಟಿ ಅಲ್ಲಾಡಿದರೆ ಪಾಠ, ಇಲ್ಲದಿದ್ದರೆ ಸೋಮಾರಿತನ! ಇಡೀ ಪೀರಿಯಡ್ ಬಾಯಿ ಮುಚ್ಚದೆ ನೋಟ್ಸ್ ಬರೆಸುತ್ತಿದ್ದ ಟೀಚರಿಗೆ ಅದೇ ತಿಂಗಳು ಮೆಚ್ಚುಗೆ ಪತ್ರ ಬಂತು. ಆ ಟೀಚರ್ ನಾನೇ. ಅವರಿಂದ ಕಲಿತದ್ದನ್ನು ಕ್ಯಾಮೆರಾ ಬಂದ ವಾರವೇ ಬಿಟ್ಟು, ಮತ್ತೆ ಡಿಕ್ಟೇಷನ್ನಿಗೆ ಇಳಿದಿದ್ದೆ.

ಅವರು ಸಮಜಾಯಿಷಿ ಒಂದೇ ಸಾಲಿನಲ್ಲಿ ಬರೆದುಕೊಟ್ಟರು: 'ನಾನು ನಿಂತಿದ್ದಾಗ ಮಕ್ಕಳು ಏನು ಮಾಡುತ್ತಿದ್ದರು ಎಂದು ನೋಡಿ.' ಯಾರು ನೋಡುತ್ತಾರೆ?

ಈಗ ಚೈತ್ರಾಳ ವಿಷಯಕ್ಕೆ ಬರಬೇಕು. ಇದನ್ನು ಬರೆಯಬೇಕೆಂದೇ ಕೂತದ್ದು, ಇಷ್ಟು ಹೊತ್ತು ಸುತ್ತಿ ಬಳಸಿದೆ.

ಒಂಬತ್ತನೆಯ ತರಗತಿ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಒಂದು ಪದ್ಧತಿ ಇದೆ. ನಮ್ಮಲ್ಲಿ ಮಾತ್ರ ಇದೆ ಎಂದು ನಾನು ನಂಬುವುದಿಲ್ಲ. ಹತ್ತರಲ್ಲಿ ಫೇಲಾಗಬಹುದು ಎನಿಸಿದ ಮಕ್ಕಳ ತಂದೆತಾಯಿಯನ್ನು ಕರೆಸಿ, 'ಸ್ವಇಚ್ಛೆಯಿಂದ ವರ್ಗಾವಣೆ ಪತ್ರ ಕೋರುತ್ತೇವೆ' ಎಂದು ಮೊದಲೇ ಟೈಪು ಮಾಡಿದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದು. ಬೇಡವಾದವರನ್ನೆಲ್ಲ ಹೊರಗೆ ಹಾಕಿದ ಮೇಲೆ ಗೇಟಿಗೆ 'ನೂರಕ್ಕೆ ನೂರು ಫಲಿತಾಂಶ' ಎಂದು ಫ್ಲೆಕ್ಸ್ ಕಟ್ಟುವುದು. ಅದನ್ನು ನೋಡಿ ಹೊಸ ಪೋಷಕರು ಕ್ಯೂ ನಿಲ್ಲುತ್ತಾರೆ. ಫೇಲಾಗುವವರನ್ನು ಓಡಿಸಿ ಪಾಸು ಮಾಡಿಸುವುದಕ್ಕೆ ಮೇಷ್ಟ್ರು ಯಾಕೆ ಬೇಕು, ವಾಚ್‌ಮ್ಯಾನ್ ಸಾಕು.

ಆ ವರ್ಷದ ಪಟ್ಟಿಯಲ್ಲಿ ಚೈತ್ರಾ ಇದ್ದಳು. ಒಂಬತ್ತನೆ ಬಿ ಸೆಕ್ಷನ್, ಕ್ಲಾಸ್ ಟೀಚರ್ ನಾನು. ಹುಡುಗಿ ಪೆದ್ದಿಯಲ್ಲ, ನಿಧಾನಿ. ಕೇಳಿದ್ದು ಒಳಗೆ ಇಳಿದು, ಅಲ್ಲೆಲ್ಲೋ ಸುತ್ತಾಡಿ, ಆಮೇಲೆ ಬಾಯಿಗೆ ಬರಬೇಕು. ಮೂರು ಗಂಟೆಯ ಪರೀಕ್ಷೆಯಲ್ಲಿ ಅರ್ಧ ಪೇಪರ್ ಬರೆಯುತ್ತಿದ್ದಳು, ಬರೆದ ಅರ್ಧ ಸರಿ ಇರುತ್ತಿತ್ತು. ತಾಯಿಗೆ ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ. ಕರೆಸಿದ ದಿನ ಬೆಳಿಗ್ಗೆ ಅರ್ಧ ದಿನ ರಜೆ ಹಾಕಿ ಮಗಳೊಂದಿಗೆ ಬಂದಿದ್ದರು.

"ಮೇಡಮ್ಮೋರೆ, ಇದೊಂದ್ ವರ್ಷ ಇಲ್ಲೇ ಬುಟ್ಬುಡಿ. ಹೊಸಾ ಸ್ಕೂಲಲ್ಲಿ ಇವ್ಳು ಬಾಯೇ ಬಿಡಾಕಿಲ್ಲ. ಗಣಿತದ ಮಿಸ್ ಹತ್ರ ಮಾತ್ರ ಮಾತಾಡ್ತಾಳೆ" ಎಂದು ಕಾರಿಡಾರಿನಲ್ಲೇ ನನ್ನ ಕೈ ಹಿಡಿದುಕೊಂಡರು.

ಯಾರೂ ಕರೆಯದೆ ಮೇಡಂ ನಮ್ಮ ಜೊತೆ ಸೆಕ್ರೆಟರಿಯ ರೂಮಿಗೆ ಬಂದರು. ಒಳಗೆ ಹೋದವರೇ, ಕೂರಲೂ ಇಲ್ಲ. "ಸಾರ್, ಈ ಹುಡುಗೀನ ಕಳಿಸ್ಬೇಡಿ. ಇವಳಿಗೆ ಬರತ್ತೆ. ಟೈಮ್ ಬೇಕು ಅಷ್ಟೆ. ಹತ್ತನೇ ಕ್ಲಾಸ್ ಪರೀಕ್ಷೆಗೆ ಇನ್ನೂ ಒಂದು ವರ್ಷ ಇದೆ. ಅವಳ ಜವಾಬ್ದಾರಿ ನಂದು."

"ಎಲ್ರೂ ಹಂಗೇ ಹೇಳ್ತಾರೆ ಮೇಡಂ. ರಿಸಲ್ಟ್ ಹೋದ್ರೆ ನೀವ್ ಬಂದ್ ಗೇಟಲ್ಲಿ ನಿಲ್ತೀರಾ?"

"ನೀವೇ ಒಂದು ಪ್ರಶ್ನೆ ಕೇಳಿ ನೋಡಿ. ಬೇಡ, ನಾನೇ ಕೇಳ್ತೀನಿ. ಚೈತ್ರಾ, ಮೂವತ್ತು ನಲವತ್ತರ ಸೈಟು. ಉದ್ದ ಅಗಲ ಎರಡೂ ಡಬಲ್ ಮಾಡಿದ್ರೆ, ಅಂಥಾ ಎಷ್ಟು ಸೈಟು ಆಗತ್ತೆ?"

ಕೇಳಿ ಅವರು ಸುಮ್ಮನಾದರು. ಕೈ ಬೆನ್ನ ಹಿಂದೆ ಹೋಯಿತು. ನಾನು ಅವರ ಪಕ್ಕಕ್ಕೆ ಸ್ವಲ್ಪ ಹಿಂದೆ ನಿಂತಿದ್ದೆ, ಬೆರಳು ಕಾಣುತ್ತಿದ್ದವು. ಒಂದು. ಎರಡು.

"ಎರಡು ಸೈಟು" ಎಂದರು ಸೆಕ್ರೆಟರಿ. "ಡಬಲ್ ಅಂದ್ರೆ ಡಬಲ್. ಇಷ್ಟೂ ಬರಲ್ವಾ ಈ ಹುಡುಗೀಗೆ?" ಅಷ್ಟರಲ್ಲಿ ಅವರಿಗೆ ಫೋನು ಬಂತು, ಕುರ್ಚಿ ತಿರುಗಿಸಿ ಯಾರೊಂದಿಗೋ ಜೆಸಿಬಿಯ ವಿಷಯ ಮಾತಾಡತೊಡಗಿದರು. ಮೇಡಂ ಬೆರಳು ನಿಲ್ಲಿಸಲಿಲ್ಲ. ಒಂಬತ್ತನೆಯ ಬೆರಳಿಗೆ ಹುಡುಗಿ ಹೇಳಿದಳು: "ನಾಲ್ಕು, ಮಿಸ್. ಪಕ್ಕದಲ್ಲಿ ಒಂದು, ಹಿಂದೆ ಎರಡು, ಮೊದಲಿಂದು ಒಂದು."

ಸೆಕ್ರೆಟರಿ ಫೋನ್ ಇಟ್ಟ ಮೇಲೆ ಮೇಡಂ ಹೇಳಿದರು, "ಉತ್ತರ ಬಂತು ಸಾರ್. ನಾಲ್ಕು."

"ನಾನೇ ಹೇಳಿದ್ನಲ್ಲ ಎರಡು ಅಂತ."

"ಅದು ತಪ್ಪು ಸಾರ್. ಆದ್ರೆ ಒಳ್ಳೆ ತಪ್ಪು. ಬೋರ್ಡ್ ಮೇಲೆ ಬರೀಬೇಕಾದಂಥಾದ್ದು."

ಅವರು ಕುಟುಕಲು ಹೇಳಿದ್ದಲ್ಲ. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯೇ ಇರಲಿಲ್ಲ. ಆದರೆ ಬದುಕಿಡೀ ಸೈಟು ಅಳೆದ ಮನುಷ್ಯನಿಗೆ ಗಾರ್ಮೆಂಟ್ಸ್ ಹೆಂಗಸಿನ ಎದುರು, ಅವಳ ಮಗಳ ಎದುರು ಹಾಗೆ ಹೇಳಿದರೆ? ಸೆಕ್ರೆಟರಿಯ ಮುಖ ಕಪ್ಪಿಟ್ಟಿತು. ಡ್ರಾಯರಿನಿಂದ ಟೈಪು ಮಾಡಿದ ಕಾಗದ ತೆಗೆದು ತಾಯಿಯ ಮುಂದೆ ತಳ್ಳಿದರು. "ಸೈನ್ ಮಾಡಮ್ಮ. ಇಲ್ಲಾಂದ್ರೆ ಫೇಲ್ ಅಂತ ಬರೆದು ಟಿಸಿ ಕೊಡ್ತೀವಿ, ಯಾವ ಸ್ಕೂಲಲ್ಲೂ ಸೇರಿಸ್ಕೊಳಲ್ಲ." ತಾಯಿ ಹೆದರಿ ಸಹಿ ಮಾಡಿದರು. ಅದರ ಕೆಳಗೆ ಕ್ಲಾಸ್ ಟೀಚರಿನ ಸಹಿಗೆ ಒಂದು ಗೆರೆ ಇತ್ತು.

ನಾನು ಪೆನ್ನು ತೆಗೆದುಕೊಂಡೆ. ಆಗ ನೋಡಿದೆ, ಮೇಡಂ ಕೈ ಮತ್ತೆ ಬೆನ್ನ ಹಿಂದೆ ಹೋಗಿತ್ತು. ಒಂದು ಬೆರಳು, ಎರಡು ಬೆರಳು. ನನಗಾಗಿ ಕಾಯುತ್ತಿದ್ದರು. ದಡ್ಡ ಮಗುವೊಂದು ಎಲ್ಲೋ ಹುಡುಕಿ ಸರಿ ಉತ್ತರ ತಂದೀತು ಎಂದು ಕಾದಂತೆ ಕಾದರು. ನನಗೆ ಎಲ್ಲ ಗೊತ್ತಿತ್ತು. ಆ ಕಾಗದ ಸುಳ್ಳು ಎಂದು ಗೊತ್ತಿತ್ತು, ಬೇಡ ಎಂದರೆ ಹೆಚ್ಚೆಂದರೆ ನನಗೂ ಒಂದು ಮೆಮೋ ಬರುತ್ತದೆ ಎಂದೂ ಗೊತ್ತಿತ್ತು. ಹತ್ತು ಬೆರಳೂ ಮಡಿಸಿ ಮುಗಿಯಿತು. ನಾನು ಸಹಿ ಮಾಡಿದೆ.

ಇಂದಿಗೂ ಸೆಕ್ರೆಟರಿಯ ಮೇಲೆ ನನಗೆ ಸಿಟ್ಟಿದೆ. ಅದರ ಹತ್ತರಷ್ಟು ಆ ಪೆನ್ನು ಹಿಡಿದವಳ ಮೇಲಿದೆ.

ಮೂರು ವಾರ ಮೇಡಂ ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ತಮ್ಮ ಚಿತ್ರಾನ್ನದ ಡಬ್ಬಿಯನ್ನು ನನ್ನ ಕಡೆ ಸರಿಸಿ, "ತಿನ್ನಮ್ಮ. ಸೈನ್ ಮಾಡಿದ ಕೈಯಲ್ಲೂ ತಿನ್ಬೋದು" ಎಂದರು. ತಿಂದೆ. ಕ್ಷಮೆ ಕೇಳಬೇಕೆಂದಿದ್ದೆ. ಕೇಳಲಿಲ್ಲ. ಅದಕ್ಕೂ ಅವರು ಕಾದಿರಬಹುದು.

ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಅವರಿಗೆ ಹೈಸ್ಕೂಲು ತಪ್ಪಿಸಿ ಒಂದನೇ ತರಗತಿ ಕೊಟ್ಟರು. ಇಪ್ಪತ್ತೇಳು ವರ್ಷ ಬೀಜಗಣಿತ ಕಲಿಸಿದವರಿಗೆ ಅಆಇಈ. ಅವಮಾನ ಮಾಡಲೆಂದೇ ಮಾಡಿದ್ದು, ರಾಜೀನಾಮೆ ಕೊಟ್ಟು ಹೋಗಲಿ ಎಂದು. ನಾವೆಲ್ಲ ಸ್ಟಾಫ್ ರೂಮಿನಲ್ಲಿ ಲೊಚಗುಟ್ಟಿದೆವು, ಅದಕ್ಕಿಂತ ಹೆಚ್ಚೇನೂ ಮಾಡಲಿಲ್ಲ. ಅವರು ಸೀಮೆಸುಣ್ಣದ ಡಬ್ಬಿ ಎತ್ತಿಕೊಂಡು ಕೆಳಗಿನ ಮಹಡಿಗೆ ಇಳಿದರು. ಒಂದು ವಾರ ಬಿಟ್ಟು ಹೇಗಿದೆ ಮೇಡಂ ಎಂದು ಕೇಳಿದೆ. "ಚೆನ್ನಾಗಿದೆ ಕಣೇ. ಈ ಮಕ್ಕಳಿಗೆ ಹತ್ತು ಸಾಲಲ್ಲ. ಕಾಲಿನ ಬೆರಳೂ ಎಣಿಸ್ಕೋಬೇಕು" ಎಂದು ನಕ್ಕರು. ಅಲ್ಲಿಂದಲೇ ನಿವೃತ್ತರಾದರು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಅವರ ಬಗ್ಗೆ ಮಾತಾಡಿದ ಸೆಕ್ರೆಟರಿ, ಮೇಡಂ ಯಾವ ವಿಷಯ ಕಲಿಸುತ್ತಿದ್ದರು ಎಂಬುದನ್ನು ಚೀಟಿ ನೋಡಿ ಹೇಳಿದರು.

ಚೈತ್ರಾ ಸರ್ಕಾರಿ ಹೈಸ್ಕೂಲು ಸೇರಿದ್ದಳು. ಆ ಇಡೀ ವರ್ಷ ಪ್ರತಿ ಭಾನುವಾರ ಅವಳು ವಿಜಯನಗರದ ಮೇಡಂ ಮನೆಗೆ ಹೋಗುತ್ತಿದ್ದಳು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಲೆಕ್ಕಕ್ಕಿಂತ ಹೆಚ್ಚಾಗಿ ಅವಳಿಗೆ ಗಡಿಯಾರ ಇಟ್ಟು ಬರೆಯುವುದನ್ನು ಕಲಿಸಿದರಂತೆ. ಯಾವ ಪ್ರಶ್ನೆ ಮೊದಲು ಮುಟ್ಟಬೇಕು, ಯಾವುದನ್ನು ಬಿಟ್ಟು ಮುಂದೆ ಹೋಗಬೇಕು, ಗಾಬರಿಯಾದಾಗ ಪೆನ್ನು ಕೆಳಗಿಟ್ಟು ಎಷ್ಟು ಹೊತ್ತು ಉಸಿರಾಡಬೇಕು, ಎಲ್ಲ. ಹುಡುಗಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಆ ವರ್ಷವೂ ನಮ್ಮ ಗೇಟಿನಲ್ಲಿ 'ನೂರಕ್ಕೆ ನೂರು' ಇತ್ತು. ಅವಳು ನಮ್ಮಲ್ಲೇ ಇದ್ದಿದ್ದರೂ ಅದು ನೂರೇ ಆಗಿರುತ್ತಿತ್ತು. ಈ ಲೆಕ್ಕ ನೆನೆಸಿಕೊಂಡಾಗಲೆಲ್ಲ ನನಗೆ ಯಾರ ಮೇಲಾದರೂ ಏನನ್ನಾದರೂ ಎತ್ತಿ ಎಸೆಯಬೇಕು ಅನ್ನಿಸುತ್ತದೆ.

ಮೊನ್ನೆ ಶನಿವಾರ ಶಾಲೆಯ ಹಾಲಿನಲ್ಲಿ ಶ್ರದ್ಧಾಂಜಲಿ ಸಭೆ. ಫ್ಲೆಕ್ಸನ್ನೇ ಗೇಟಿನಿಂದ ಬಿಚ್ಚಿ ತಂದು ವೇದಿಕೆಯ ಹಿಂದೆ ಕಟ್ಟಿದ್ದರು, ನನ್ನ ಭುಜದ ಸಮೇತ. ಸೆಕ್ರೆಟರಿ ಮೈಕ್ ಹಿಡಿದು, ಎಲ್ಲರೂ ಎದ್ದು ಎರಡು ನಿಮಿಷ ಮೌನ ಆಚರಿಸೋಣ ಎಂದರು. ಎದ್ದು ನಿಂತೆವು. ನನ್ನ ಕೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. ಹತ್ತು ಬೆರಳು ಮುಗಿದು ಎರಡನೆಯ ಸುತ್ತು ಅರ್ಧಕ್ಕೂ ಬಂದಿರಲಿಲ್ಲ, "ಓಂ ಶಾಂತಿ, ಎಲ್ರೂ ಕೂತ್ಕೊಳಿ" ಎಂದುಬಿಟ್ಟರು. ಸುಮ್ಮನೆ ನಿಂತರು ಎಂದು ಅವರಿಗೆ ಮೆಮೋ ಕೊಟ್ಟ ಮನುಷ್ಯನಿಗೆ, ಅವರು ಸತ್ತಾಗಲೂ ಎರಡು ನಿಮಿಷ ಸುಮ್ಮನೆ ನಿಲ್ಲಲು ಆಗಲಿಲ್ಲ.

ಹಳೆಯ ವಿದ್ಯಾರ್ಥಿಗಳು ಯಾರಾದರೂ ಮಾತಾಡಬಹುದು ಎಂದರು. ಕೊನೆಯ ಸಾಲಿನಿಂದ ಒಬ್ಬಳು ಎದ್ದು ನಿಂತಳು. ಉದ್ದ ಜಡೆ, ಹೆಗಲಲ್ಲಿ ಕಾಲೇಜಿನ ಬ್ಯಾಗು. ನಾನು ತಕ್ಷಣ ಗುರುತಿಸಿದೆ. ನಾಗರಬಾವಿಯ ಕಡೆ ಬಿ.ಎಡ್ ಓದುತ್ತಿದ್ದಾಳೆ ಎಂದು ಮೇಡಂ ಕಳೆದ ವರ್ಷ ಹೇಳಿದ್ದರು.

"ಬಾಮ್ಮ, ಬಾ. ಯಾವ ಬ್ಯಾಚು ನಿಂದು?" ಎಂದರು ಸೆಕ್ರೆಟರಿ.

ಚೈತ್ರಾ ನಿಂತೇ ಇದ್ದಳು. ಅವಳ ಮುಖ ನನಗೆ ಗೊತ್ತು. ಪ್ರಶ್ನೆ ಒಳಗೆ ಇಳಿಯುತ್ತಿತ್ತು.

"ಪಾಪ, ದುಃಖ ಆಗಿದೆ. ಪರವಾಗಿಲ್ಲ ಕೂತ್ಕೊಳಮ್ಮ. ಬೇರೆ ಯಾರಾದ್ರೂ..."

ನಾನು ಎದ್ದು ನಿಂತೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಸ್ವಲ್ಪ ಇರಿ ಸಾರ್. ಹೇಳ್ತಾಳೆ. ಕಾಯಿರಿ."

ಇಡೀ ಸಭೆ ನನ್ನ ಕಡೆ ತಿರುಗಿತು. ನಾನು ಯಾರನ್ನೂ ನೋಡಲಿಲ್ಲ, ಬೆನ್ನ ಹಿಂದೆ ಬೆರಳು ಮಡಿಸುತ್ತ ನಿಂತೆ. ಎಂಟನೆಯ ಬೆರಳಿಗೆ ಅವಳು ಬಾಯಿ ತೆರೆದಳು.

"ನಾನು ಯಾವ ಬ್ಯಾಚೂ ಅಲ್ಲ ಸಾರ್. ಒಂಬತ್ತನೇ ಕ್ಲಾಸಲ್ಲಿ ನೀವು ನಂಗೆ ಟಿಸಿ ಕೊಟ್ರಿ. ನಾಲ್ಕು ಸೈಟು ಅಂತ ಹೇಳಿದ್ದು ನಾನೇ. ಆ ಲೆಕ್ಕ ಸರಿ ಇತ್ತಲ್ವಾ ಸಾರ್?"

ಸೆಕ್ರೆಟರಿ ಮೈಕ್ ಹಿಡಿದೇ ನಿಂತಿದ್ದರು. ಈಗ ಉತ್ತರ ಹೇಳಬೇಕಾದವರು ಅವರು. ನಾನು ಮಡಿಸಿದ ಬೆರಳುಗಳನ್ನೆಲ್ಲ ಬಿಡಿಸಿ, ಅವರಿಗಾಗಿ ಮತ್ತೆ ಒಂದರಿಂದ ಎಣಿಸತೊಡಗಿದೆ.